ಸಸಿ ಕೊಟ್ಟರಷ್ಟೇ ಸಾಲದು
ಈ ವಾರ ನಮ್ಮ ಬಡಾವಣೆಯ ಕೆರೆ ಏರಿಯ ಬಳಿ ಕಾಲೇಜು ಹುಡುಗರು ಕಾಲುವೆಯ ಜಾಲರಿಗೆ ಸಿಕ್ಕಿಕೊಂಡಿದ್ದ ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿಗಳನ್ನು ಎಳೆದು ಗುಡ್ಡೆ ಹಾಕುತ್ತಿದ್ದರು. ಒಬ್ಬಳು ಮಾತ್ರ ಕಲ್ಲಿನ ಮೇಲೆ ಕೂತು, ಯಾವ ಮೋರಿಯಿಂದ ಎಷ್ಟು ಚೀಲ ಕಸ ಬಂತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ನನ್ನ ಕಣ್ಣಿಗೆ ಅಂದಿನ ದೊಡ್ಡ ಕೆಲಸ ಅದೇ. ಕಸ ಎತ್ತುವ ಮಕ್ಕಳಿಗೆ ಶಹಬ್ಬಾಸ್ ಎನ್ನುವ ನಾವು, ಅವರು ಲೆಕ್ಕ ಕೇಳಿದ ಕೂಡಲೇ ‘ಮೊದಲು ಓದು ನೋಡ್ಕೊಳ್ಳಿ’ ಎಂದು ಗದರುತ್ತೇವೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿ ನಿಂತವರಲ್ಲಿ ಊರಿನ ಹೆಂಗಸರ ಜೊತೆ ಯುವಕ ಮಂಡಳಿಯ ಹುಡುಗರೂ ಇದ್ದರು. ಯಾರೂ ಅವರ ಕೈಗೆ ಸಸಿ ಕೊಟ್ಟು ಫೋಟೊ ತೆಗೆಸಿರಲಿಲ್ಲ. ಕೊಡಲಿ ನಿಲ್ಲಿಸಿ ಎಂದರು, ನಿಲ್ಲಿಸಿದರು. ಉಳಿಸು, ಬೆಳೆಸು, ಬಳಸು ಎಂಬುದು ಹೀಗೆ ಶುರುವಾದ ಅಪ್ಪಿಕೋ ಚಳವಳಿಯ ಘೋಷಣೆ. ನರ್ಸರಿ ಮಾಡಿ ಸಸಿ ಬೆಳೆಸುವ ಕೆಲಸವನ್ನೂ ಆ ಚಳವಳಿ ಶ್ರದ್ಧೆಯಿಂದ ಮಾಡಿತು, ಆದರೆ ಇದ್ದ ಕಾಡಿಗಾಗಿ ಎದೆಕೊಟ್ಟು ನಿಂತ ಮೇಲೆ. ಜೂನ್ 5ರ ಪರಿಸರ ದಿನ ಬಂದರೆ ನಾವು ಎಳೆಯರಿಗೆ ಬೆಳೆಸುವ ಪಾಲನ್ನಷ್ಟೇ ಕೊಟ್ಟು, ಉಳಿಸುವ ಜಗಳದಿಂದ ದೂರ ಇಡುತ್ತೇವೆ. ಒತ್ತುವರಿಯ, ಕೊಳಚೆ ನೀರಿನ ಪ್ರಶ್ನೆ ವಾರ್ಡ್ ಸಭೆಗೆ ಬಂದ ದಿನ ಇಂಥವರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿ. ಎಂಜಿನಿಯರು ಅವರ ಮುಖ ನೋಡಿಯೇ ಉತ್ತರ ಹೇಳಲಿ.