ಬೆಂಕಿ ಹಾಸಿದ ಬಯಲು, ನೀರು ಕಡೆದ ಬೆಟ್ಟ

ಜ್ವಾಲಾಮುಖಿ ಎಂದೊಡನೆ ಹೆಚ್ಚಿನವರ ಕಣ್ಣಿಗೆ ಬರುವುದು ಶಾಲೆಯ ಪುಸ್ತಕದ ಒಂದೇ ಚಿತ್ರ. ತುದಿ ಮುರಿದ ಗೋಪುರದಂಥ ಬೆಟ್ಟ, ಮೇಲೊಂದು ಬಾಯಿ, ಬಾಯಿಂದ ಹೊಗೆ, ಬದಿಯಲ್ಲಿ ಇಳಿಯುವ ಕೆಂಪು ಗೆರೆ. ಪದವೂ ಅದನ್ನೇ ಹೇಳುತ್ತದೆ, ಜ್ವಾಲೆಗೊಂದು ಮುಖ ಬೇಕು. ಕನ್ನಡದಲ್ಲಿರುವ ಇನ್ನೊಂದು ಪದ ಅಗ್ನಿಪರ್ವತ, ಅದಕ್ಕೆ ಪರ್ವತವೇ ಬೇಕು. ಈ ಎರಡು ಪದಗಳನ್ನು ತಲೆಯಲ್ಲಿಟ್ಟುಕೊಂಡು ಮುಂಬೈಯಿಂದ ಪುಣೆಗೆ ರೈಲು ಹತ್ತಿದವರು ಭೋರ್ ಘಾಟ್ ಏರುವಾಗ ಕಿಟಕಿಯಾಚೆ ಮಂಜು ನೋಡುತ್ತಾರೆ, ಜಲಪಾತ ನೋಡುತ್ತಾರೆ, ಲೋಣಾವಳದ ಚಿಕ್ಕಿ ನೆನೆಯುತ್ತಾರೆ. ಭೂಮಿಯ ಮೇಲಿನ ಅತಿ ದೊಡ್ಡ ಲಾವಾ ರಾಶಿಗಳಲ್ಲೊಂದರ ಹೊಟ್ಟೆಯೊಳಗೆ ಸುರಂಗ ಸುರಂಗವಾಗಿ ನುಗ್ಗುತ್ತಿದ್ದೇವೆ ಎಂದು ಅನ್ನಿಸುವುದು ಅಪರೂಪ. ಹುಡುಕಿದರೆ ಅಲ್ಲಿ ಬಾಯಿಯೂ ಕಾಣುವುದಿಲ್ಲ, ಗೋಪುರವೂ ಕಾಣುವುದಿಲ್ಲ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಉದ್ದುದ್ದ ಸೀಳಿತು. ಆ ಬಿರುಕುಗಳಿಂದ ತೆಳುವಾದ, ಬಲು ಬಿಸಿಯಾದ ಲಾವಾ ಉಕ್ಕಿ ದೋಸೆಹಿಟ್ಟಿನಂತೆ ಹರಡಿತು. ಆರಿತು. ಅದರ ಮೇಲೆ ಇನ್ನೊಂದು ಹರಿವು ಬಂತು, ಅದೂ ಆರಿತು. ಮುಖ್ಯ ಭಾಗವೆಲ್ಲ ಸುಮಾರು ಹತ್ತು ಲಕ್ಷ ವರ್ಷಗಳೊಳಗೆ ಮುಗಿಯಿತೆಂದು ಇತ್ತೀಚಿನ ಕಾಲಗಣನೆ ಹೇಳುತ್ತದೆ. ಭೂಮಿಯ ಲೆಕ್ಕದಲ್ಲಿ ಅದು ಒಂದು ಮಧ್ಯಾಹ್ನ. ಡೈನೋಸಾರ್‌ಗಳು ಅಳಿದದ್ದೂ ಅದೇ ಹೊತ್ತಿನಲ್ಲಿ. ಮೆಕ್ಸಿಕೋದಲ್ಲಿ ಬಿದ್ದ ಉಲ್ಕೆಯ ಜೊತೆ ಈ ಲಾವಾದ ಪಾಲೆಷ್ಟು ಎಂಬ ವಾದ ಇನ್ನೂ ನಿಂತಿಲ್ಲ. ಇಂದು ಉಳಿದಿರುವ ಲಾವಾ ನೆಲವೇ ಸುಮಾರು 5 ಲಕ್ಷ ಚದರ ಕಿಲೋಮೀಟರ್, ಅಂದರೆ ಎರಡೂವರೆ ಕರ್ನಾಟಕಕ್ಕೂ ಹೆಚ್ಚು. ಪಶ್ಚಿಮದಲ್ಲಿ ಅದರ ದಪ್ಪ ಎರಡು ಕಿಲೋಮೀಟರ್ ಮೀರುತ್ತದೆ.

ಹಾಗಾದರೆ ಸಹ್ಯಾದ್ರಿ ಎಲ್ಲಿಂದ ಬಂತು? ಲಾವಾ ಬೆಟ್ಟ ಕಟ್ಟಲಿಲ್ಲ, ಬಯಲು ಹಾಸಿತು. ಆಮೇಲೆ ಪಶ್ಚಿಮದ ಅಂಚು ಮೇಲೆದ್ದಿತು, ಮಳೆ ಮತ್ತು ಹೊಳೆಗಳು ಆ ಹಾಸನ್ನು ಕಡಿಯುತ್ತ ಬಂದವು. 1,646 ಮೀಟರ್ ಎತ್ತರದ ಕಳಸೂಬಾಯಿ ಉಕ್ಕಿದ ಶಿಖರವಲ್ಲ, ಕೊರೆದು ತೆಗೆದ ಮೇಲೆ ಉಳಿದ ತುಣುಕು. ಮೇಜಿನಂತೆ ಮಟ್ಟಸವಾದ ಪಂಚಗಣಿಯ ನೆತ್ತಿ ಹಳೆಯ ಬಯಲಿನ ಚೂರು. ಭೂವಿಜ್ಞಾನಿಗಳು ಈ ನೆಲವನ್ನು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ಇಂಗ್ಲಿಷ್ ಬಲ್ಲವರು ಬೋನು ಎಂದು ತಿಳಿಯುವ ಸಾಧ್ಯತೆಯಿದೆ, ಆದರೆ ಇದು ಸ್ವೀಡಿಷ್ ಭಾಷೆಯ ‘ಟ್ರಪ್ಪಾ’, ಅಂದರೆ ಮೆಟ್ಟಿಲು. ಘಾಟ್ ಎಂದರೂ ಮೆಟ್ಟಿಲೇ. ಸ್ವೀಡನ್ನಿನ ಪದವೂ ಇಲ್ಲಿನ ಪದವೂ ಒಂದೇ ಬೆಟ್ಟದಲ್ಲಿ ಒಂದನ್ನೇ ಕಂಡಿವೆ.

ಮೆಟ್ಟಿಲಾದದ್ದು ಯಾಕೆಂದರೆ ಪದರಗಳೆಲ್ಲ ಒಂದೇ ಗಟ್ಟಿಯಲ್ಲ. ಒಂದು ಹರಿವಿನ ನಡು ಭಾಗ ನಿಧಾನವಾಗಿ ಆರಿ ಒತ್ತಾದ ಕಪ್ಪು ಬೆಸಾಲ್ಟ್ ಆಗುತ್ತದೆ. ಸುತ್ತಿಗೆ ಹಾಕಿದರೆ ಟಣ್ಣನೆ ಸದ್ದು ಬರುವ ಕಲ್ಲು ಅದು. ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಸಿಕ್ಕಿಬಿದ್ದು ಕಲ್ಲು ಇಡ್ಲಿಯಂತೆ ತೂತುತೂತಾಗುತ್ತದೆ. ಆ ತೂತುಗಳಲ್ಲಿ ಮುಂದೆ ನೀರು ಇಳಿದು ಹರಳು ಕಟ್ಟುತ್ತದೆ. ಪುಣೆಯ ಹೊರವಲಯದ ವಾಘೋಲಿಯ ಕಲ್ಲುಗಣಿಗಳಲ್ಲಿ ಸಿಗುವ ಕಡುನೀಲಿ ಕ್ಯಾವನ್ಸೈಟ್ ಹರಳಿಗೆ ಜಗತ್ತಿನ ಸಂಗ್ರಹಾಲಯಗಳೆಲ್ಲ ಕೈಚಾಚುತ್ತವೆ. ವಾಘೋಲಿಯ ಫ್ಲ್ಯಾಟುಗಳಲ್ಲಿರುವ ಎಷ್ಟು ಜನ ಅದನ್ನು ಕಂಡಿದ್ದಾರೋ. ಎರಡು ಹರಿವುಗಳ ನಡುವೆ ಹಲವು ಕಡೆ ಇಟ್ಟಿಗೆ ಬಣ್ಣದ ತೆಳು ಪಟ್ಟಿಯೊಂದು ಕಾಣುತ್ತದೆ. ಅದು ಜೇಡಿ. ಮುಂದಿನ ಲಾವಾ ಬರುವ ಮೊದಲು ಅಲ್ಲಿ ಗಾಳಿ, ಮಳೆ, ಬೂದಿ, ಮಣ್ಣು ಎಲ್ಲಕ್ಕೂ ಪುರುಸೊತ್ತು ಸಿಕ್ಕಿತ್ತು ಎಂಬುದರ ಗುರುತು. ಕೆಲವೆಡೆ ಕೆರೆಗಳೂ ಇದ್ದವು. ಮುಂಬೈಯ ವರಳಿಯಲ್ಲಿ ಅಂಥ ಒಂದು ಕೆರೆಯ ಕೆಸರಿನಿಂದ ಸಿಕ್ಕ ಪುಟ್ಟ ಕಪ್ಪೆಗಳ ಪಳೆಯುಳಿಕೆಗೆ ರಿಚರ್ಡ್ ಓವೆನ್ 1847ರಲ್ಲೇ ಹೆಸರಿಟ್ಟಿದ್ದ. ಎರಡು ಲಾವಾಗಳ ಬಿಡುವಿನಲ್ಲಿ ವರಳಿಯಲ್ಲಿ ಕಪ್ಪೆ ಕೂಗಿತ್ತು.

ಪದರಗಳ ಗುಂಪುಗಳಿಗೆ ವಿಜ್ಞಾನಿಗಳು ಊರಿನ ಹೆಸರುಗಳನ್ನೇ ಕೊಟ್ಟಿದ್ದಾರೆ. ಕೆಳಗಿನಿಂದ ಮೇಲಕ್ಕೆ ಜವ್ಹಾರ್, ಇಗತಪುರಿ, ನೇರಳ್, ಠಾಕೂರವಾಡಿ, ಭೀಮಾಶಂಕರ, ಖಂಡಾಳಾ ಎಂದು ಸಾಗುವ ಪಟ್ಟಿ ಮಹಾಬಳೇಶ್ವರ ದಾಟಿ ಕೊನೆಗೆ ಪನ್ಹಾಳಾ ಮತ್ತು ದೇಸೂರಿನಲ್ಲಿ ನಿಲ್ಲುತ್ತದೆ. ಈ ದೇಸೂರು ಬೆಳಗಾವಿಯ ಪಕ್ಕದ ಹಳ್ಳಿ. ಅಲ್ಲಿಂದ ತುಸು ದಕ್ಷಿಣಕ್ಕೆ ಹೋದರೆ ಲಾವಾ ತೆಳುವಾಗಿ ಮುಗಿದು, ಅದಕ್ಕಿಂತ ಎಷ್ಟೋ ಪಾಲು ಹಳೆಯದಾದ ಧಾರವಾಡ ಶಿಲೆಗಳೂ ನೈಸ್ ಬಂಡೆಗಳೂ ಮೇಲೆ ಬರುತ್ತವೆ. ಕನ್ನಡದ ಪಠ್ಯಗಳು ಸಹ್ಯಾದ್ರಿಯನ್ನು ಒಂದೇ ಗೆರೆಯಾಗಿ ಎಳೆಯುತ್ತವೆ. ಮುಳ್ಳಯ್ಯನಗಿರಿಯ ದುಂಡು ಬೆನ್ನನ್ನೂ ರಾಯಗಡದ ಕತ್ತರಿಸಿದಂಥ ಗೋಡೆಯನ್ನೂ ಒಮ್ಮೆ ಪಕ್ಕಪಕ್ಕ ನೆನೆದರೆ ಸಾಕು, ಇವು ಬೇರೆ ಬೇರೆ ವಂಶದ ಬೆಟ್ಟಗಳೆಂದು ತಿಳಿಯುತ್ತದೆ. ಕೊಯ್ನಾ ಬಳಿ ಭೂಕಂಪದ ಅಧ್ಯಯನಕ್ಕೆಂದು ಮೂರು ಕಿಲೋಮೀಟರ್ ಆಳ ಕೊರೆದಾಗ ಸುಮಾರು ಒಂದು ಕಿಲೋಮೀಟರ್ ಬೆಸಾಲ್ಟ್ ಮುಗಿದ ಮೇಲೆ ಸಿಕ್ಕಿದ್ದು ಗ್ರಾನೈಟ್ ಮತ್ತು ನೈಸ್. ದಕ್ಷಿಣದಲ್ಲಿ ಬಯಲಿಗೆ ಬಿದ್ದಿರುವ ಹಳೆಯ ನೆಲ ಅಲ್ಲಿ ಲಾವಾದ ಕಂಬಳಿ ಹೊದ್ದು ಮಲಗಿದೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯವರಿಗೆ ಈ ಲಾವಾ ಪರಕೀಯವೇನಲ್ಲ; ಜೋಳ ಬೆಳೆಯುವ ಎರೆಮಣ್ಣು ಇದೇ ಕಲ್ಲು ಕರಗಿ ಆದದ್ದು, ಗೋಳಗುಮ್ಮಟದ ಗೋಡೆಯೂ ಇದೇ ಕಲ್ಲಿನದು.

ಇಷ್ಟು ವಿವರ ಯಾಕೆ ಬೇಕೆಂದರೆ, ಬೆಟ್ಟವನ್ನು ಮೆಟ್ಟಿಲೆಂದು ಓದದಿರುವುದರಿಂದ ಜನ ಸಾಯುತ್ತಿದ್ದಾರೆ.

ಮರಾಠಿಯಲ್ಲಿ ಈ ಮೆಟ್ಟಿಲಿನ ಎರಡು ಮುಖಗಳಿಗೂ ಪದವಿದೆ. ನೇರ ನಿಂತ ಬಂಡೆಗೋಡೆ ‘ಕಡಾ’. ಬೆಟ್ಟದ ನಡುವೆ ಒಂದು ಗೋಡೆಯ ಬುಡದಿಂದ ಮುಂದಿನದರ ಅಂಚಿನವರೆಗೆ ಚಾಚಿರುವ ಸಮತಟ್ಟು ಜಾಗ ‘ಮಾಚಿ’. ಕೋಟೆ ಕಟ್ಟಿದವರಿಗೆ ಇವೆರಡೂ ಬೇಕಿದ್ದವು. ಕಡಾ ಶತ್ರುವನ್ನು ತಡೆಯುತ್ತಿತ್ತು, ಮಾಚಿಯಲ್ಲಿ ಸೈನ್ಯ ನಿಲ್ಲುತ್ತಿತ್ತು. ನೀರಿಗಾಗಿ ಅವರು ಬಂಡೆಯಲ್ಲೇ ಟಾಕೆಗಳನ್ನು ಕಡೆದರು. ಯಾವ ಪದರ ನೀರು ಹಿಡಿಯುತ್ತದೆ, ಯಾವುದು ಬಿಟ್ಟುಕೊಡುತ್ತದೆ ಎಂಬುದು ತಿಳಿಯದ ಕೈಗೆ ಆ ಕೆಲಸ ಸಾಧ್ಯವಿರಲಿಲ್ಲ. ಶಿವನೇರಿಯ ಗಂಗಾ-ಜಮುನಾ ಟಾಕೆಗಳು ಇಂದಿಗೂ ನೀರು ಹಿಡಿದಿವೆ.

ಈಗಿನ ನಗರಗಳ ಕೈಯಲ್ಲಿರುವುದು ಇಳಿಜಾರಿನ ಲೆಕ್ಕ. ಪುಣೆಯಲ್ಲಿ ಗುಡ್ಡದ ಮೇಲೆ ಕಟ್ಟಡ ಕಟ್ಟುವ ಬಗ್ಗೆ ವರ್ಷಗಳಿಂದ ನಡೆಯುವ ಜಗಳ 1:5ರ ಸುತ್ತಲೇ ತಿರುಗುತ್ತದೆ. ಅದಕ್ಕಿಂತ ಕಡಿದಾದರೆ ಕಟ್ಟಕೂಡದು. ನಿಯಮ ಒಳ್ಳೆಯದೇ, ಇಲ್ಲದಿದ್ದರೆ ಪುಣೆಯ ಟೇಕಡಿಗಳು ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ಗೋಪುರದಂಥ ಬೆಟ್ಟಕ್ಕೆ ಒಪ್ಪುವ ಅಳತೆ ಮೆಟ್ಟಿಲಿನಂಥ ಬೆಟ್ಟಕ್ಕೆ ಪೂರ್ತಿ ಒಪ್ಪುವುದಿಲ್ಲ. ಮೆಟ್ಟಿಲಿನ ಬೆಟ್ಟದಲ್ಲಿ ಮಾಚಿ ಮಟ್ಟಸವಾಗಿಯೇ ಇರುತ್ತದೆ. ಇಳಿಜಾರು ಅಳೆಯುವ ಕಣ್ಣಿಗೆ ಅದು ಸುರಕ್ಷಿತ ಜಾಗ. ಪದರ ಓದುವ ಕಣ್ಣಿಗೆ ಬೇರೆಯೇ ಕಾಣುತ್ತದೆ: ಮೇಲಿನ ಕಡಾದಿಂದ ಸಾವಿರಾರು ವರ್ಷ ಉದುರಿದ ಬಂಡೆಚೂರು, ಮಣ್ಣು ಅಲ್ಲಿ ಕೂತಿದೆ. ಬಿರುಕುಗಳಲ್ಲಿ ಇಳಿದ ಮಳೆನೀರು ಜೇಡಿಯ ಪಟ್ಟಿಗೆ ತಾಗಿ ಕೆಳಗೆ ಹೋಗಲಾಗದೆ ಪಕ್ಕಕ್ಕೆ ಹೊರಡುವುದೂ ಹೆಚ್ಚಾಗಿ ಅಲ್ಲೇ. ಬೇಸಿಗೆಯಲ್ಲಿ ಅದೇ ಊರಿನ ಒರತೆ. ಅದಕ್ಕೇ ಜನ ಅಲ್ಲಿ ಊರು ಕಟ್ಟಿಕೊಂಡಿದ್ದು. ಮೂರು ದಿನ ಬಿಡದೆ ಮಳೆ ಹೊಡೆದರೆ ಅದೇ ನೀರು ಮಣ್ಣಿನ ಅಡಿ ಸೇರಿ ಇಡೀ ರಾಶಿಯನ್ನು ಎತ್ತುತ್ತದೆ.

2014ರ ಜುಲೈ 30ರ ಬೆಳಿಗ್ಗೆ ಪುಣೆ ಜಿಲ್ಲೆಯ ಮಾಳೀಣ ಊರಿನ ಮೇಲೆ ಬೆಟ್ಟ ಜಾರಿ 150ಕ್ಕೂ ಹೆಚ್ಚು ಜನ ಸತ್ತರು. ಮಳೆ ವಿಪರೀತವಿತ್ತು, ಇಳಿಜಾರನ್ನು ಯಂತ್ರದಿಂದ ಸಮ ಮಾಡಿದ್ದರ ಪಾತ್ರವೆಷ್ಟು ಎಂಬ ಚರ್ಚೆಯೂ ನಡೆಯಿತು. 2021ರ ಜುಲೈನಲ್ಲಿ ಮಹಾಡ್ ತಾಲೂಕಿನ ತಳಿಯೆ. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿ. ಇರ್ಶಾಳಗಡದ ಬಂಡೆಯ ಕೆಳಗಿನ ಸಮತಟ್ಟಿನಲ್ಲಿದ್ದ ಆದಿವಾಸಿ ಹಟ್ಟಿ. ಆ ಹಟ್ಟಿ ಅಪಾಯದ ಊರುಗಳ ಪಟ್ಟಿಯಲ್ಲಿ ಇರಲಿಲ್ಲ ಎಂದು ಸರ್ಕಾರವೇ ಹೇಳಿತು. ಹಾಗೆ ಹೇಳಿದ್ದು ಸಮಜಾಯಿಷಿಯಾಗಿ. ಕೇಳಿಸಬೇಕಾದದ್ದು ಪಟ್ಟಿಯ ಮೇಲಿನ ದೂರಾಗಿ.

ಇದಕ್ಕೊಂದು ಸಿದ್ಧ ಎದುರುವಾದವಿದೆ, ಹಗುರವಾದದ್ದಲ್ಲ. ಮುಂಬೈ, ಪುಣೆ ಎರಡೂ ಇದೇ ಬೆಟ್ಟಗಳ ಜಲ್ಲಿಯಿಂದ ಎದ್ದ ಊರುಗಳು. ಮೆಟ್ರೋ ಕಂಬದಲ್ಲೂ ಸೊಸೈಟಿಯ ಕಾಂಪೌಂಡಿನಲ್ಲೂ ಸಹ್ಯಾದ್ರಿಯ ಪುಡಿಯಿದೆ. ಕಡಿಯದೆ ಊರಾಗುವುದಿಲ್ಲ. ಅಷ್ಟೇ ಅಲ್ಲ, ಕಡಿದದ್ದರಿಂದಲೇ ಈ ವಿಜ್ಞಾನಕ್ಕೂ ಕಣ್ಣು ಬಂದದ್ದು: ಘಾಟ್ ರಸ್ತೆಗಳ ಪಕ್ಕದ ಕೊಯ್ತವಿಲ್ಲದಿದ್ದರೆ ಪದರಗಳನ್ನು ಒಂದೊಂದಾಗಿ ಗುರುತಿಸುವುದು ಕಷ್ಟವಿತ್ತು, ಗಣಿಯಿಲ್ಲದಿದ್ದರೆ ಕ್ಯಾವನ್ಸೈಟ್ ಕಾಣುತ್ತಿರಲಿಲ್ಲ. ಇದನ್ನು ಒಪ್ಪಿಕೊಂಡೇ ಮಾತಾಡಬೇಕು. ಬೆಟ್ಟ ಮುಟ್ಟಲೇಬಾರದೆನ್ನುವ ಬೇಡಿಕೆ ನಾಳೆಯೇ ಸೋಲುತ್ತದೆ. ಆದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಬಂಡೆ ಉರುಳಿದ ಮೇಲೆ ಉಕ್ಕಿನ ಬಲೆ ಹೊದಿಸುವ ಕ್ರಮಕ್ಕಿಂತ, ಕೊಯ್ಯುವ ಮೊದಲೇ ಪದರ ನೋಡುವುದು ಅಗ್ಗ.

ಪರಂಪರೆಯ ಹೆಸರಿನಲ್ಲಿ ಕೆಲಸ ನಡೆದೇ ಇಲ್ಲವೆಂದಲ್ಲ. 2025ರಲ್ಲಿ ಪಂಚಗಣಿ-ಮಹಾಬಳೇಶ್ವರದ ಲಾವಾ ನೆಲವೂ ಮಲ್ಪೆಯ ಸೇಂಟ್ ಮೇರಿಸ್ ದ್ವೀಪಗಳೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದವು. (ಮಲ್ಪೆಯ ಕಂಬಗಲ್ಲುಗಳು ಡೆಕ್ಕನ್ ಲಾವಾದವಲ್ಲ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ ಇನ್ನೂ ಹಳೆಯ ಲಾವಾ.) ಭೂಪರಂಪರೆಯ ತಾಣಗಳನ್ನು ಕಾಯುವ ಮಸೂದೆಯ ಕರಡನ್ನು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಜನರ ಮುಂದಿಟ್ಟಿತು. ಅಂಧೇರಿಯ ಗಿಲ್ಬರ್ಟ್ ಹಿಲ್, ಸುಮಾರು 60 ಮೀಟರ್ ಎತ್ತರದ ಕಂಬಗಲ್ಲಿನ ಗುಡ್ಡ, ನೆತ್ತಿಯ ಮೇಲೆ ಗಾಂವದೇವಿಯನ್ನು ಕೂರಿಸಿಕೊಂಡು ಸುತ್ತಲ ಕಟ್ಟಡಗಳ ನಡುವೆ ಉಳಿದಿದೆ. ಇವೆಲ್ಲ ಬೇಕು. ಆದರೂ ಈ ಪಟ್ಟಿಗಳಿಗೆ ಸೇರುವುದು ಫೋಟೋದಲ್ಲಿ ಚೆನ್ನಾಗಿ ಬರುವ ಕಲ್ಲು. ಇರ್ಶಾಳವಾಡಿಯಂಥ ಊರಿನ ಹಿಂದಿನ ಕೆಂಪು ಜೇಡಿಯ ಪಟ್ಟಿಯನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ, ಅದು ಯಾವ ಪಟ್ಟಿಗೂ ಬರುವುದಿಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ. ಗುಡ್ಡದ ಮೇಲೆ ಅಥವಾ ಬುಡದಲ್ಲಿ ರಸ್ತೆ, ಗಣಿ, ಕಟ್ಟಡ ಯಾವುದಕ್ಕೆ ಅನುಮತಿ ಕೊಟ್ಟರೂ ಅದರ ಜೊತೆ ಒಂದು ಹಾಳೆ: ಇಲ್ಲಿ ಯಾವ ಪದರ, ಜೇಡಿಯ ಪಟ್ಟಿ ಯಾವ ಎತ್ತರದಲ್ಲಿದೆ, ಮಳೆಗಾಲದಲ್ಲಿ ನೀರು ಎಲ್ಲಿ ಹೊರಬರುತ್ತದೆ, ಮೇಲಿನ ಗೋಡೆಯಿಂದ ಉದುರಿದ ಮಣ್ಣು ಎಷ್ಟು ದಪ್ಪ. ಅದು ಮರಾಠಿಯಲ್ಲಿರಬೇಕು, ಬೆಳಗಾವಿ ಕಡೆ ಕನ್ನಡದಲ್ಲಿ, ಮತ್ತು ಊರಿನ ಪಂಚಾಯಿತಿಯ ಗೋಡೆಯ ಮೇಲೆ ಅಂಟಿರಬೇಕು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ‘ಭೂಕೋಶ್’ ತಾಣದಲ್ಲಿ ನಕ್ಷೆಗಳನ್ನು ಯಾರು ಬೇಕಾದರೂ ನೋಡಬಹುದು, ಆದರೆ ಒಂದು ಸೊಸೈಟಿಯ ಹಿಂಗೋಡೆಯಷ್ಟು ಸಣ್ಣ ವಿವರ ಅಂಥ ನಕ್ಷೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಯಾರಾದರೂ ಆಗಸ್ಟಿನಲ್ಲಿ, ಮಳೆ ತುಸು ಬಿಟ್ಟ ಒಂದು ಬೆಳಿಗ್ಗೆ, ಆ ಗೋಡೆಯ ಹಿಂದೆ ಹೋಗಿ ನಿಂತು ನೀರು ಎಲ್ಲಿಂದ ಜಿನುಗುತ್ತಿದೆ ಎಂದು ನೋಡಬೇಕು.