ಮಾತ್ರೆಯ ಮೇಲೆ ಹೊರಿಸಿದ ಬಂಜೆತನ

ಗರ್ಭನಿರೋಧಕ ಮಾತ್ರೆ ಬಂಜೆತನ ತರುತ್ತದೆ, ಕ್ಯಾನ್ಸರ್ ಹುಟ್ಟಿಸುತ್ತದೆ, ಯಾರೂ ಮುಟ್ಟಬಾರದು ಎಂಬುದು ಈ ಪತ್ರಿಕೆಯ ಕಳೆದ ಸಂಚಿಕೆಯ ಲೇಖನವೊಂದರ ಸಾರ.

ಮೊದಲು ಬಂಜೆತನದ ಮಾತು. ಆಶಾ ಕಾರ್ಯಕರ್ತೆಯರು ಕೊಡುವ ಮಾಲಾ-ಎನ್ ಗರ್ಭನಿರೋಧಕ ಮಾತ್ರೆಗಳ ಪಟ್ಟಿಯನ್ನೇ ನೋಡಿ. 28 ಮಾತ್ರೆಗಳಲ್ಲಿ 21ರಲ್ಲಷ್ಟೇ ಹಾರ್ಮೋನು. ಉಳಿದ 7 ಕಬ್ಬಿಣಾಂಶದವು. ಹಾರ್ಮೋನು ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತದೆ, ಗರ್ಭಕಂಠದ ಲೋಳೆಯನ್ನು ಗಟ್ಟಿಯಾಗಿಸುತ್ತದೆ. ಅಂಡಾಶಯವೇನೂ ಕೆಡುವುದಿಲ್ಲ; ಮಾತ್ರೆ ಬಿಟ್ಟರೆ ಗರ್ಭ ನಿಲ್ಲುವ ಶಕ್ತಿ ಮರಳುತ್ತದೆ.

ಇನ್ನು ಕ್ಯಾನ್ಸರ್. ಸ್ತನ, ಗರ್ಭಕಂಠದ ಕ್ಯಾನ್ಸರ್ ಅಪಾಯ ತುಸು ಹೆಚ್ಚುವುದು ನಿಜ. ಅಂಡಾಶಯದ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ತಗ್ಗುವುದೂ ಅಷ್ಟೇ ನಿಜ; ಲೇಖಕರು ಅದನ್ನು ಹೇಳಲೇ ಇಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು, ಆದರೆ ಬಸಿರಿನಲ್ಲಿ ಅದು ಇನ್ನೂ ಹೆಚ್ಚು.

ಬಿಪಿ ಇರುವವರು, 35 ದಾಟಿದ ಧೂಮಪಾನಿಗಳು ಈ ಮಾತ್ರೆಯಿಂದ ದೂರವಿರಲಿ. ಮಿಕ್ಕವರು ವೈದ್ಯರನ್ನು ಕೇಳಿ ತೀರ್ಮಾನಿಸಲಿ. ಲೇಖನ ಓದಿ ಹೆದರಬೇಕಿಲ್ಲ.