ಸೋಲುವವನ ಕೈಯಲ್ಲಿರುವ ಗೆಲುವು

ಇಬ್ಬರೇ ಆಡುವ ಆಟದಲ್ಲಿ ಕ್ರೀಡಾಮನೋಭಾವದ ಪ್ರಶ್ನೆ ಅಷ್ಟೇನೂ ತೊಡಕಿನದಲ್ಲ. ಚದುರಂಗದಲ್ಲಿ ಎದುರಾಳಿಯ ತಪ್ಪನ್ನು ಹಿಡಿದು ಗೆದ್ದವನನ್ನು ಯಾರೂ ನಿಷ್ಕರುಣಿ ಎನ್ನುವುದಿಲ್ಲ. ನಿಯಮ ಮೀರದೆ, ಮಾತಿನಲ್ಲಿ ಒರಟಾಗದೆ, ಗೆಲ್ಲಲೆಂದೇ ಆಡಿದರೆ ಅವನ ಕರ್ತವ್ಯ ಮುಗಿಯಿತು. ಮೇಜಿನ ಸುತ್ತ ನಾಲ್ವರು ಕೂತು, ಪ್ರತಿಯೊಬ್ಬರೂ ತಮಗಾಗಿಯೇ ಆಡುವಾಗ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಗೆಲ್ಲುವವನನ್ನು ಎಷ್ಟೋ ಸಲ ತೀರ್ಮಾನಿಸುವವನು, ತಾನಿನ್ನು ಗೆಲ್ಲಲಾರೆ ಎಂದು ಖಚಿತವಾದವನು.

'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಕಾರ್ಡಿನಾಟದ 'ಕಮಾಂಡರ್' ಎಂಬ ಬಗೆ ಇದಕ್ಕೆ ಒಳ್ಳೆಯ ಉದಾಹರಣೆ. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮೂಲ ಆಟ 1993ರಲ್ಲಿ ಮಾರುಕಟ್ಟೆಗೆ ಬಂತು. ಅದು ಮುಖ್ಯವಾಗಿ ಇಬ್ಬರ ಕಾಳಗ. ಕಮಾಂಡರ್ ಹುಟ್ಟಿದ್ದು ಆಟ ಹೊರತಂದ ಕಂಪನಿಯ ಕಚೇರಿಯಲ್ಲಲ್ಲ, ಆಟಗಾರರ ನಡುವೆ; ಕಂಪನಿ ಅದಕ್ಕೆಂದೇ ಸಿದ್ಧ ಡೆಕ್‌ಗಳನ್ನು ಮಾರತೊಡಗಿದ್ದು 2011ರಲ್ಲಿ. ಒಬ್ಬೊಬ್ಬರಿಗೂ 100 ಕಾರ್ಡುಗಳು, ಪ್ರಾಣಾಂಕ 20ರ ಬದಲು 40, ಸಾಮಾನ್ಯವಾಗಿ ನಾಲ್ವರು ಆಟಗಾರರು. ಇಂಥ ಕಾರ್ಡು ಬೇಡ, ಅಂಥ ಆಟ ಬೇಡ ಎಂದು ಕೂರುವ ಮೊದಲೇ ಮಾತಾಡಿಕೊಳ್ಳುವುದು ಅದರ ಸಂಪ್ರದಾಯ. ಗೆಳೆಯರ ನಡುವೆ ಇದು ಚೆನ್ನಾಗಿಯೇ ನಡೆಯುತ್ತದೆ. ಅಂಗಡಿಯವರು ಅದಕ್ಕೊಂದು ಲೀಗ್ ಕಟ್ಟಿ, ಅಂಕಪಟ್ಟಿ ತೂಗುಹಾಕಿ, ಬಹುಮಾನ ಇಟ್ಟರೆ ಆ ಮಾತುಕತೆಗೆ ಬೆಲೆ ಉಳಿಯುವುದಿಲ್ಲ.

ಆಗ ಕೆಲವರು ಸೌಜನ್ಯವನ್ನು ಅಂಕಗಳಲ್ಲೇ ಹೊಲಿಯಲು ಹೋಗುತ್ತಾರೆ. ಬೇಗ ಗೆದ್ದರೆ ಅಂಕ ಕಡಿತ, ಕೊನೆಯಿಲ್ಲದೆ ಮರುಕಳಿಸುವ ಕಾರ್ಡುಗಳ ಜೋಡಣೆ (ಕಾಂಬೊ) ಕಟ್ಟಿದರೆ ದಂಡ, ಎಲ್ಲರಿಗೂ ಖುಷಿ ಕೊಟ್ಟವನಿಗೆ ಹೆಚ್ಚುವರಿ ಅಂಕ. ಇದು ನನಗೆ ಒಪ್ಪಿಗೆಯಿಲ್ಲ. ಯಾವುದಾದರೂ ಕಾರ್ಡು ಆಟವನ್ನು ಕೆಡಿಸುತ್ತಿದ್ದರೆ ಅದನ್ನು ನಿಷೇಧಿಸಲಿ. ನಿಷೇಧಿಸದೆ ಬಿಟ್ಟ ಮೇಲೆ ಬಳಸಿದವನನ್ನು ಒರಟನಂತೆ ನೋಡಬಾರದು. ನಿಷೇಧವೇನೂ ಸುಲಭದ ದಾರಿಯಲ್ಲ ನಿಜ. 2024ರ ಸೆಪ್ಟೆಂಬರಿನಲ್ಲಿ ಕಮಾಂಡರ್‌ನ ನಿಯಮಗಳನ್ನು ನೋಡಿಕೊಳ್ಳುತ್ತಿದ್ದ ಸ್ವತಂತ್ರ ಸಮಿತಿ ಮಾನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್ ಮೊದಲಾದ ದುಬಾರಿ ಕಾರ್ಡುಗಳನ್ನು ನಿಷೇಧಿಸಿದಾಗ ಸದಸ್ಯರಿಗೆ ಬೆದರಿಕೆಗಳೇ ಬಂದವು. ಕೆಲವೇ ದಿನಗಳಲ್ಲಿ ಅವರು ಹೊಣೆಯನ್ನು ಕಂಪನಿಗೆ ಒಪ್ಪಿಸಿಬಿಟ್ಟರು. ಮೇಜಿನ ಮೇಲಿನ ಸೌಜನ್ಯದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಬಳಗವೇ ಇದು!

ನಿಜವಾದ ಕಗ್ಗಂಟಿರುವುದು ಸೋಲುವವನ ಬಳಿ. ಅವನ ಕೈಯಲ್ಲಿ ಇನ್ನೊಂದೇ ಕಾರ್ಡು ಉಳಿದಿದೆ. ಅದನ್ನು ಎಡಗಡೆಯವನ ಮೇಲೆ ಹಾಕಿದರೆ ಬಲಗಡೆಯವನು ಗೆಲ್ಲುತ್ತಾನೆ, ಬಲಗಡೆ ಹಾಕಿದರೆ ಎಡಗಡೆಯವನು. ಇವನೇ ಕಿಂಗ್‌ಮೇಕರ್; ಹಾಗೆಂದರೆ ಯಾರೆಂದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. 2018ರಲ್ಲಿ 37 ಸ್ಥಾನ ಗೆದ್ದ ಪಕ್ಷದ ನಾಯಕರೇ ಮುಖ್ಯಮಂತ್ರಿಯಾದದ್ದನ್ನು ಕಂಡವರು ನಾವು. ಆದರೆ ರಾಜಕೀಯದಲ್ಲಿ ಬೆಂಬಲ ಕೊಟ್ಟವನಿಗೂ ಪಾಲು ಸಿಗುತ್ತದೆ. ಕಾರ್ಡಿನ ಮೇಜಿನಲ್ಲಿ ಅವನಿಗೆ ಸಿಗುವುದು ಸೇಡಿನ ತೃಪ್ತಿಯೊಂದೇ. ಆಟ ಬಿಟ್ಟುಕೊಡುವ ಹಕ್ಕನ್ನೇ ನೋಡಿ. ನಿಯಮದ ಪ್ರಕಾರ ಯಾರು ಬೇಕಾದರೂ ಯಾವ ಕ್ಷಣದಲ್ಲಾದರೂ ಸೋಲೊಪ್ಪಬಹುದು. ಒಪ್ಪಿದೊಡನೆ ಅವರ ಕಾರ್ಡುಗಳೆಲ್ಲ ಮೇಜಿನಿಂದ ಹೊರಟುಹೋಗುತ್ತವೆ. ತನ್ನ ಮೇಲೆ ದಾಳಿ ಮಾಡಿದವನಿಗೆ ಆ ಹೊಡೆತದಿಂದ ಪ್ರಾಣಾಂಕ ಹೆಚ್ಚಲಿದೆ ಎಂದು ಗೊತ್ತಾದವನು, ಹೊಡೆತ ಬೀಳುವ ಮುನ್ನ 'ನಾನು ಸೋತೆ' ಎಂದು ಎದ್ದರೆ ಎದುರಾಳಿಯ ಲಾಭ ಗಾಳಿಗೆ. ನಿಯಮ ಮುರಿದಿಲ್ಲ, ಗೆಲ್ಲಲೂ ಆಡಿಲ್ಲ. ಬಿಡುವುದಾದರೆ ನಿಮ್ಮ ಸರದಿಯಲ್ಲೇ ಬಿಡಿ ಎಂದು ಕಟ್ಟುಪಾಡು ಹಾಕುವವರಿದ್ದಾರೆ, ಅದು ಸರಿಯೇ.

ಸೇಡನ್ನೆಲ್ಲ ಹೀಗೆ ತಳ್ಳಿಹಾಕಲೂ ಆಗುವುದಿಲ್ಲ ಎಂಬುದೇ ತೊಂದರೆ. 'ನನ್ನನ್ನು ಮುಟ್ಟಿದರೆ ನಿನ್ನನ್ನೂ ಉಳಿಸುವುದಿಲ್ಲ' ಎಂಬ ಬೆದರಿಕೆ ಗೆಲ್ಲಲು ಆಡುವವನ ಹತ್ಯಾರವೇ. ಅದು ದಾಳಿಯನ್ನು ಬೇರೆಯವರತ್ತ ತಿರುಗಿಸುತ್ತದೆ. ಒಂದೇ ಆಟವಾದರೆ ಬೆದರಿಕೆ ಫಲಿಸದ ಮೇಲೆ ಅದನ್ನು ನಡೆಸುವುದು ಬರೀ ಹಟ. ಆದರೆ ಲೀಗಿನಲ್ಲಿ ಅದೇ ನಾಲ್ವರು ವಾರ ಬಿಟ್ಟು ಮತ್ತೆ ಕೂರುತ್ತಾರೆ. ಇವತ್ತು ಮಾತು ಉಳಿಸಿಕೊಂಡವನನ್ನು ಮುಂದಿನ ವಾರ ಯಾರೂ ಕೆಣಕಲಾರರು. ಹಾಗಾದರೆ ಇವತ್ತಿನ ಸೇಡು ಮುಂದಿನ ಗೆಲುವಿಗೆ ಹಾಕಿದ ಬಂಡವಾಳವಲ್ಲವೆ? ಹೌದು. ಆದರೂ ನಾನು ಅದನ್ನು ಒಪ್ಪಲಾರೆ: ಆ ಬಂಡವಾಳ ಅವನದಲ್ಲ, ಇವತ್ತಿನ ಮೇಜಿನಲ್ಲಿರುವ ಉಳಿದಿಬ್ಬರ ಆಟವನ್ನು ಅಡವಿಟ್ಟು ತಂದದ್ದು.

ಲೀಗಿನ ಲೆಕ್ಕ ಪಂದ್ಯದ ಲೆಕ್ಕವನ್ನು ನುಂಗಿದಾಗ ಏನಾಗುತ್ತದೆ ಎಂಬುದನ್ನು 2012ರ ಲಂಡನ್ ಒಲಿಂಪಿಕ್ಸ್ ಜಗತ್ತಿಗೇ ತೋರಿಸಿತು. ಮಹಿಳೆಯರ ಡಬಲ್ಸ್ ಬ್ಯಾಡ್ಮಿಂಟನ್‌ನಲ್ಲಿ ಗುಂಪು ಹಂತವಿತ್ತು. ಸೋತರೆ ಮುಂದಿನ ಸುತ್ತಿನಲ್ಲಿ ಅನುಕೂಲದ ಎದುರಾಳಿ ಸಿಗುವಂತಿತ್ತು. ಚೀನಾ, ಇಂಡೊನೇಷ್ಯಾದ ತಲಾ ಒಂದು, ದಕ್ಷಿಣ ಕೊರಿಯಾದ ಎರಡು ಜೋಡಿಗಳು ಷಟಲನ್ನು ಬೇಕೆಂದೇ ನೆಟ್ಟಿಗೆ ಹೊಡೆದವು. ಎಂಟೂ ಮಂದಿಯನ್ನು ಕೂಟದಿಂದ ಹೊರಹಾಕಲಾಯಿತು. ಇನ್ನೊಂದು ಗುಂಪಿನಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಕೂದಲೆಳೆಯ ಅಂತರದಲ್ಲಿ ಹೊರಬಿದ್ದರು. ಆ ಗುಂಪಿನ ಜಪಾನ್–ಚೈನೀಸ್ ತೈಪೆ ಪಂದ್ಯದ ಬಗ್ಗೆ ಭಾರತ ಸಲ್ಲಿಸಿದ ದೂರನ್ನು ಅಧಿಕಾರಿಗಳು ಒಪ್ಪಲಿಲ್ಲ. ಆಟಗಾರ್ತಿಯರನ್ನು ಜರೆದವರೇ ಹೆಚ್ಚು. ಸೋಲಿಗೆ ಬಹುಮಾನವಿಟ್ಟ ವೇಳಾಪಟ್ಟಿಯನ್ನು ಬರೆದವರ ಪಾಲೂ ದೊಡ್ಡದೇ. ಮುಂದಿನ ಒಲಿಂಪಿಕ್ಸಿಗೆ ಪದ್ಧತಿಯನ್ನು ಬದಲಿಸಿ, ಗುಂಪಿನಲ್ಲಿ ಎರಡನೆಯವರಾದ ಜೋಡಿಗಳ ಸ್ಥಾನವನ್ನು ಚೀಟಿ ಎತ್ತಿ ನಿರ್ಧರಿಸುವಂತೆ ಮಾಡಿದರು. ಪ್ರವಚನಕ್ಕಿಂತ ಆ ಚೀಟಿಯೇ ಹೆಚ್ಚು ಕೆಲಸ ಮಾಡುವುದು.

ಸ್ಪರ್ಧಾತ್ಮಕ ಕಮಾಂಡರ್ ಕೂಟಗಳಿಗೂ ಈ ಪಾಠ ಅನ್ವಯಿಸುತ್ತದೆ. ಗೆಲುವಿಗೆ 5, ಡ್ರಾ ಆದರೆ ತಲಾ 1 ಎಂಬುದು ಅಲ್ಲಿ ಹೆಚ್ಚಾಗಿ ಕಾಣುವ ಲೆಕ್ಕ. ಹೀಗೆ ಊಹಿಸಿ: ಒಬ್ಬ ಗೆಲ್ಲಲು ಹೊರಟಿದ್ದಾನೆ, ತಡೆಯುವ ಕಾರ್ಡು ಇರುವುದು ಇನ್ನೊಬ್ಬನ ಬಳಿ ಮಾತ್ರ. ಅದನ್ನು ಖರ್ಚು ಮಾಡಿದರೆ ಅವನ ಕೈ ಖಾಲಿಯಾಗಿ ಬೇರೊಬ್ಬ ಗೆಲ್ಲುತ್ತಾನೆ. 'ಎಲ್ಲರೂ ಡ್ರಾಗೆ ಒಪ್ಪಿ, ಇಲ್ಲವಾದರೆ ನಾನು ತಡೆಯುವುದಿಲ್ಲ' ಎನ್ನುತ್ತಾನೆ. ಇದನ್ನು ಬ್ಲ್ಯಾಕ್‌ಮೇಲ್ ಎನ್ನುವವರಿದ್ದಾರೆ. ಅವನಿಗೆ ಸೊನ್ನೆಗಿಂತ ಒಂದು ದೊಡ್ಡದು. ಆ ಒಂದನ್ನು ಕೊಟ್ಟವರು ನಿಯಮ ಬರೆದವರು. ಡ್ರಾಗೆ ಸೊನ್ನೆ ಅಂಕ ಎಂದು ಬರೆದರೆ ಈ ಚೌಕಾಸಿಯ ಆಸೆಯೇ ಇರುವುದಿಲ್ಲ. ಆದರೆ ಸಮಯ ಮುಗಿದು ನಿಜವಾಗಿಯೇ ಸಮವಾದ ಆಟಗಳಿಗೂ ಆಗ ಏನೂ ಸಿಗದು. ಆದರೂ ನನ್ನ ಮತ ಆ ಸೊನ್ನೆಗೇ.